ಹತ್ತನೆಯ ಮುಖವಾಡ

ಅವಳಿಗೆ ಒಂದು ಸಣ್ಣ ಚಿಂತೆ ಇತ್ತು. ಯಾರ ಹತ್ತಿರವೂ ಹೇಳಿಕೊಳ್ಳುವಂಥದ್ದಲ್ಲ. ಹೇಳಿದರೆ ನಗುತ್ತಾರೆ.

ನನ್ನ ಕೈ ಯಾವಾಗಲೂ ಟರ್ಪೆಂಟೈನ್ ವಾಸನೆ ಹೊಡೆಯುತ್ತದೆ… ಅವರು ಹತ್ತಿರ ಬಂದಾಗ ಮೂಗಿಗೆ ಬಡಿಯುತ್ತದೋ ಏನೋ.

ಸೋಪು ಹಾಕಿ ತಿಕ್ಕಿದರೂ ಉಗುರಿನ ಸಂದಿ ಬಿಟ್ಟು ಹೋಗದ ವಾಸನೆ. ಆ ಮಂಗಳವಾರ ಬೆಳಿಗ್ಗೆಯೂ ಅವಳು ಬೆರಳುಗಳನ್ನು ಮೂಗಿಗೆ ಹಿಡಿದು ನೋಡಿಕೊಂಡು, ಉಸ್ಸೆಂದು, ಬಿಳಿ ಬಣ್ಣದ ಡಬ್ಬಿಯ ಮುಚ್ಚಳ ತೆರೆದಳು.

ಕತ್ತಿವರಸೆ ಶಾಲೆಯ ಹಿಂಬದಿಯ ಕಿರುಕೋಣೆ ಅವಳ ರಾಜ್ಯ. ಪದವಿ ಮುಗಿದ ಮೇಲೆ, ನಾಲ್ಕು ಜನರ ಮುಂದೆ ಬಾಯಿ ಬಿಡಬೇಕಾದ ಕೆಲಸ ಯಾವುದೂ ಬೇಡವೆಂದು ಹುಡುಕಿ ಹುಡುಕಿ ಸೇರಿಕೊಂಡ ಜಾಗ ಅದು. ಮುರಿದ ಕತ್ತಿಗೆ ಹೊಸ ಅಲಗು ಕೂರಿಸಬೇಕು, ಹರಿದ ಅಂಗಿಗೆ ಹೊಲಿಗೆ ಹಾಕಬೇಕು, ವಾರಕ್ಕೊಮ್ಮೆ ಮುಖವಾಡಗಳನ್ನು ಪರೀಕ್ಷಿಸಬೇಕು. ಶಾಲೆಯಲ್ಲಿ ಎಲ್ಲರಿಗೂ ಅವಳು ‘ರಿಪೇರಿ’.

ಮುಖವಾಡದ ಪರೀಕ್ಷೆ ಬಹಳ ಸರಳ. ಸ್ಪ್ರಿಂಗ್ ಇರುವ ಚೂಪಾದ ಉಳಿಯನ್ನು ಮುಂಭಾಗದ ತಂತಿ ಜಾಲರಿಗೆ ಇಟ್ಟು, ಮೈಭಾರವನ್ನೆಲ್ಲ ಬಿಟ್ಟು ಒತ್ತಬೇಕು. ಜಾಲರಿ ಬಾಗದಿದ್ದರೆ ಗಲ್ಲದ ಬಳಿ ಒಂದು ಬಿಳಿ ಚುಕ್ಕೆ. ಚುಕ್ಕೆ ಇಲ್ಲದ ಮುಖವಾಡವನ್ನು ಆ ಶಾಲೆಯಲ್ಲಿ ಯಾರೂ ಮುಟ್ಟುವ ಹಾಗಿಲ್ಲ.

ಅದರಲ್ಲಿ ಅವಳದೊಂದು ಜಾಣತನ ಇತ್ತು. ಬಣ್ಣ ಒಣಗಲು ಹೊತ್ತು ಹಿಡಿಯುತ್ತದಲ್ಲ? ಹಾಗಾಗಿ ಮೊದಲೇ ಶಾಲೆಯ ಹನ್ನೆರಡು ಮುಖವಾಡಗಳ ಹಳೆಯ ಚುಕ್ಕೆ ಒರೆಸಿ ಹೊಸದು ಇಟ್ಟುಬಿಡುವುದು, ಆಮೇಲೆ ಸಾಲಾಗಿ ಒತ್ತುತ್ತಾ ಹೋಗುವುದು. ಯಾವುದಾದರೂ ಬಾಗಿದರೆ ಅದರ ಚುಕ್ಕೆಯನ್ನು ಟರ್ಪೆಂಟೈನ್ ಬಟ್ಟೆಯಿಂದ ಒರೆಸಿದರಾಯಿತು. ಎರಡು ವರ್ಷದಿಂದ ಹೀಗೇ ನಡೆದಿತ್ತು.

ಏಳು ಮುಗಿದು, ಎಂಟನೆಯದಕ್ಕೆ ಉಳಿ ಇಡಬೇಕು ಎನ್ನುವಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು.

ಎಡಚ.

ಶಾಲೆಯ ಮೊದಲ ಕತ್ತಿ ಅವನು. ಎಡಗೈಯವನಾದ್ದರಿಂದ ಅವನ ಹೊಡೆತ ಎದುರಾಳಿ ಕಾಯುತ್ತಿರುವ ಕಡೆಯಿಂದ ಬರುವುದೇ ಇಲ್ಲ. ಮಾತೂ ಹಾಗೆಯೇ.

“ರೀ ರಿಪೇರಿ, ನಿಮ್ಮನ್ನ ಒಂದು ಕೇಳ್ಬೇಕಿತ್ತು.”

“ನಿಮ್ಮ ಕತ್ತಿ ಹಿಡಿ ಅಲ್ಲಾಡ್ತಿದೆ ಅಂದಿದ್ರಲ್ಲ, ಕೊಡಿ ಇಲ್ಲಿ.”

“ಹಿಡಿ ಚೆನ್ನಾಗೇ ಇದೆ. ಶುಕ್ರವಾರ ತಂಡದ ಆಯ್ಕೆ. ಜಾಗ ಸಿಕ್ಕಿದ್ರೆ ಎಂಟು ತಿಂಗಳು ನಾನಿಲ್ಲಿ ಇರಲ್ಲ.”

“ಒಳ್ಳೇದೇ ಅಲ್ವಾ? ಮೇಷ್ಟ್ರು ಖುಷಿ ಪಡ್ತಾರೆ.”

“ಮೇಷ್ಟ್ರ ವಿಷಯ ಅಲ್ಲ ನಾನು ಕೇಳ್ತಿರೋದು.”

“ಅದೇ ಜಾಗಕ್ಕೆ ನಿಮ್ಮ ಸ್ನೇಹಿತ ಉದ್ದಣ್ಣನೂ ನಿಂತಿದ್ದಾರಲ್ಲ? ಅವರಿಗೆ ಸಿಕ್ಕಿಬಿಟ್ರೆ?”

ಎಡಚ ನಕ್ಕುಬಿಟ್ಟ. “ಮೂರು ಹೊಡೆತ, ಮೂರು ತಡೆ. ನಾನು ಇಪ್ಪತ್ತು ವರ್ಷ ಬೆವರು ಸುರಿಸಿ ಕಲಿತದ್ದು ನಿಮಗೆ ಹುಟ್ಟಿನಿಂದಲೇ ಬಂದಿದೆ ನೋಡಿ.”

ಅವಳು ತಲೆ ಎತ್ತಲಿಲ್ಲ. ಅವನ ನಗು ನಿಂತಿತು.

“ನಾನು ನಿಮಗೆ ಬೇಕಾ, ಬೇಡ್ವಾ? ಅಷ್ಟೇ ಕೇಳ್ತಿರೋದು. ಬೇಡ ಅಂದ್ರೆ ಬೇಡ ಅನ್ನಿ, ನಾನೇನು ಗೋಡೆಗೆ ತಲೆ ಚಚ್ಚಿಕೊಳ್ಳಲ್ಲ. ಆದ್ರೆ ಏನೋ ಒಂದು ಹೇಳಿ.”

ಎರಡು ವರ್ಷದಿಂದ ಎದೆಯೊಳಗೇ ಇಟ್ಟುಕೊಂಡ ಒಂದು ಪದ ಗಂಟಲಿಗೆ ಬಂತು, ನಾಲಿಗೆಯ ಹಿಂದೆ ಬಂದು ನಿಂತಿತು… ಅಲ್ಲೇ ಅಂಟಿಕೊಂಡಿತು. ಹೇಳಿಬಿಟ್ಟರೆ? ಆಮೇಲೆ ಅವರಿಗೆ ಬೇಸರವಾದರೆ? ನನ್ನಲ್ಲಿ ಏನಿದೆ ಅಂತ ಒಂದು ದಿನ ಅವರಿಗೇ ಅನ್ನಿಸಿದರೆ?

“ಕೈಗೆಲ್ಲ ಬಣ್ಣ ಆಗಿದೆ. ತೊಳ್ಕೊಂಡು ಬಂದೆ,” ಎಂದವಳು ಉಳಿಯನ್ನು ಎಂಟನೆಯ ಮುಖವಾಡದ ಪಕ್ಕದಲ್ಲಿ ಇಟ್ಟು ಹೊರಗೆ ನಡೆದುಬಿಟ್ಟಳು.

ನಲ್ಲಿಯ ಕೆಳಗೆ ಕೈ ಹಿಡಿದು ಹತ್ತು ನಿಮಿಷ ನಿಂತಿದ್ದಳು. ಹಿಂದಿರುಗಿದಾಗ ಕೋಣೆ ಖಾಲಿ. ಮೇಜಿನ ಮೇಲೆ ಹನ್ನೆರಡು ಮುಖವಾಡ, ಹನ್ನೆರಡಕ್ಕೂ ಬಿಳಿ ಚುಕ್ಕೆ. ಅವಳ ತಲೆಯಲ್ಲಿ ಅವನ ಪ್ರಶ್ನೆಯೇ ಸುತ್ತುತ್ತಿತ್ತು. ಪುಸ್ತಕ ತೆಗೆದು ‘ಹನ್ನೆರಡೂ ಸರಿ ಇವೆ’ ಎಂದು ಬರೆದು, ಸಹಿ ಹಾಕಿ, ಅವನ್ನೆಲ್ಲ ಒಯ್ದು ಅಂಗಳದ ಗೂಟಗಳಿಗೆ ತೂಗುಹಾಕಿದಳು.

ಅವತ್ತು ಮಧ್ಯಾಹ್ನ ಬಟ್ಟೆ ಬದಲಿಸುವ ಕೋಣೆಯಲ್ಲಿ ಉದ್ದಣ್ಣನ ಗಂಟಲು ಎಲ್ಲರಿಗೂ ಕೇಳುವಷ್ಟು ದೊಡ್ಡದಾಗಿತ್ತು.

“ಏನಪ್ಪಾ ಎಡಚ, ಮುಖ ಸಪ್ಪಗಿದೆ? ರಿಪೇರಿ ಕೋಣೆಯಿಂದ ರಿಪೇರಿ ಆಗದೇ ಬಂದ್ಯಾ?”

“ಬಾಯಿ ಮುಚ್ಕೊಂಡು ಕತ್ತಿ ತಗೋ.” ಎಡಚನ ದನಿ ಗಡುಸಾಗಿತ್ತು. ಅದನ್ನೂ ಎಲ್ಲರೂ ಕೇಳಿಸಿಕೊಂಡರು.

ಕಾಲು ಗಂಟೆ ಕಳೆದಿರಲಿಲ್ಲ. ಅಂಗಳದಿಂದ ಮೇಷ್ಟ್ರು “ನಿಲ್ಲಿ” ಎಂದು ಕೂಗಿದ್ದು ಕೇಳಿಸಿತು. ಅದರ ಬೆನ್ನಿಗೇ ಲೋಹ ಮುರಿದ ಸದ್ದು. ಆಮೇಲೆ, ಯಾರದ್ದೆಂದು ಗುರುತೇ ಸಿಗದಂಥ ಒಂದು ಚೀರಾಟ.

ಅವಳು ಓಡಿ ಬಂದಾಗ ಉದ್ದಣ್ಣ ಮಂಡಿಯೂರಿ ಕೂತಿದ್ದ. ಮುಖವಾಡದ ಜಾಲರಿ ಬಾಯಿ ತೆರೆದಿತ್ತು. ಬೆರಳ ಸಂದಿಯಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಎದುರಿಗೆ ಎಡಚ, ಕೈಯಲ್ಲಿ ಅರ್ಧ ಕತ್ತಿ.

ಕತ್ತಿ ಮುರಿಯುವುದು ಅಲ್ಲಿ ದಿನದ ಮಾತು. ಮುರಿದರೂ ಮುಖಕ್ಕೆ ಏನೂ ಆಗಬಾರದೆಂದೇ ಮುಖವಾಡ ಇರುವುದು.

ಆಸ್ಪತ್ರೆಯ ಉದ್ದನೆಯ ಮೊಗಸಾಲೆಯಲ್ಲಿ ಎಡಚ ಒಬ್ಬನೇ ಬೆಂಚಿನ ಮೇಲೆ ಕೂತಿದ್ದ. ತೋಳಿನ ಮೇಲೆ ರಕ್ತ ಒಣಗಿ ಕಂದಾಗಿತ್ತು. ಅವಳು ಎದುರು ನಿಂತಳು. ಹುಟ್ಟಿದಾಗಿನಿಂದ ಯಾರನ್ನೂ ನೇರವಾಗಿ ಏನನ್ನೂ ಕೇಳದವಳು ಅವತ್ತು ಕೇಳಿಬಿಟ್ಟಳು.

“ಬೇಕೂಂತ ಹೊಡೆದ್ರಾ?”

ಅವನು ಅವಳ ಮುಖವನ್ನೇ ನೋಡಿದ. ಏನನ್ನೋ ಅಳೆಯುವ ಹಾಗೆ.

“ಕೋಪ ಬಂದಿತ್ತು. ಹೊಡೆದೆ.”

“ನಾನು ಉತ್ತರ ಕೊಡ್ಲಿಲ್ಲ ಅನ್ನೋ ಕೋಪಾನ ಅವರ ಮೇಲೆ ತೀರಿಸ್ಕೊಂಡ್ರಾ?”

“ಹಾಗೇ ಅಂದ್ಕೊಳ್ಳಿ.”

ನಾನು ಎರಡು ವರ್ಷ ಯಾರನ್ನು ಮನಸ್ಸಿನಲ್ಲಿ ಹೊತ್ತುಕೊಂಡು ತಿರುಗಿದೆ? ಇಂಥವರನ್ನೇ? ತಿರುಗಿ ನಡೆದಳು. ಅವನು ತಡೆಯಲಿಲ್ಲ.

ಗುರುವಾರ ರಾತ್ರಿ ಮನೆಯಲ್ಲಿ ಊಟಕ್ಕೆ ಕೂತಾಗ ಅಮ್ಮ ಶುರು ಮಾಡಿದಳು. “ಆ ಎಡಗೈಯವನ ಜೊತೆ ನಿನಗೆ ಮಾತುಕತೆ ಇತ್ತಂತೆ. ಹೌದಾ?”

“ಇನ್ನೊಂಚೂರು ಉಪ್ಪು ಬೇಕಿತ್ತೇನೋ ಅಲ್ವಾ ಅಮ್ಮ?”

“ಉಪ್ಪು ಸರಿಯಾಗೇ ಇದೆ,” ಎಂದಳು ಅತ್ತಿಗೆ. “ಸರಿ ಇಲ್ದೇ ಇರೋದು ನಿನ್ನ ಕಣ್ಣು. ಮೂರು ದಿನದಿಂದ ಊದಿಕೊಂಡಿದೆ.”

“ಧೂಳು ಹೋಗಿತ್ತು ಅತ್ತಿಗೆ.”

“ಎರಡೂ ಕಣ್ಣಿಗಾ?”

ಅವಳು ತಟ್ಟೆ ಎತ್ತಿಕೊಂಡು ಎದ್ದುಹೋದಳು.

ಶುಕ್ರವಾರದ ಆಯ್ಕೆ ಇಬ್ಬರೂ ಇಲ್ಲದೆ ಮುಗಿದುಹೋಯಿತು. ಉದ್ದಣ್ಣನ ಬಲಗಣ್ಣಿಗೆ ಇನ್ನು ಆಕಾರಗಳು ಮಾತ್ರ ಕಾಣುತ್ತವೆ, ಕತ್ತಿಯ ತುದಿ ಕಾಣುವುದಿಲ್ಲ ಎಂದು ವೈದ್ಯರು ಹೇಳಿದರು. ಸೋಮವಾರ ಕತ್ತಿವರಸೆ ಸಂಘದ ಕಾರ್ಯದರ್ಶಿ ಕಿರುಕೋಣೆಗೇ ಬಂದು ಪರೀಕ್ಷೆಯ ಪುಸ್ತಕ ತೆಗೆದುಕೊಂಡ.

“ನಿಮ್ಮ ಚುಕ್ಕೆ ಇದೆ, ಸಹಿ ಇದೆ. ನಿಮ್ಮದೇನೂ ತಲೆನೋವಿಲ್ಲ ಬಿಡಿ. ಪರೀಕ್ಷೆ ಆದ ಮುಖವಾಡ ಹರಿದಿದೆ ಅಂದ್ರೆ ಆ ಮಹಾನುಭಾವ ಯಾವ ರೀತಿ ಹೊಡೆದಿರ್ಬೇಕು ಲೆಕ್ಕ ಹಾಕಿ. ತಾನೇ ಬರೆದೂ ಕೊಟ್ಟಿದ್ದಾನೆ. ಗುರುವಾರ ವಿಚಾರಣೆ. ಇನ್ನು ಈ ಜನ್ಮದಲ್ಲಿ ಕತ್ತಿ ಹಿಡಿಯೋ ಹಾಗಿಲ್ಲ. ಆಮೇಲೆ ಪೊಲೀಸರು ನೋಡ್ಕೋತಾರೆ.”

ಮಂಗಳವಾರ ಬಂತು. ಮತ್ತೆ ಸಾಲು ಮುಖವಾಡ, ಮತ್ತೆ ಬಿಳಿ ಬಣ್ಣ. ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತಿತ್ತು. ಒಂದು, ಎರಡು, ಮೂರು… ಏಳು.

ಎಂಟನೆಯದಕ್ಕೆ ಉಳಿ ಇಟ್ಟವಳು ಹಾಗೇ ನಿಂತುಬಿಟ್ಟಳು.

ಹೋದ ವಾರ ಉಳಿ ಇದ್ದದ್ದು ಇಲ್ಲೇ. ಕೈ ತೊಳೆದು ಬಂದ ಮೇಲೆ… ಬಂದ ಮೇಲೆ ನಾನು ಅದನ್ನು ಎತ್ತಿಕೊಂಡೆನಾ?

ಎಷ್ಟು ನೆನಪಿಸಿಕೊಂಡರೂ ಕೈಗೆ ಉಳಿಯ ಭಾರ ಬರಲಿಲ್ಲ. ಪುಸ್ತಕ ನೆನಪಿತ್ತು, ಪೆನ್ನು ನೆನಪಿತ್ತು. ಉಳಿ ಇಲ್ಲ.

ಅವಳು ಓಡಿದಳು. ಹರಿದ ಮುಖವಾಡ ಮೇಷ್ಟ್ರ ಕಪಾಟಿನಲ್ಲಿ, ಒಂದು ಚೀಲದಲ್ಲಿ ಇತ್ತು. ಹಿಂಬದಿಯ ಪಟ್ಟಿಯ ಮೇಲೆ ಸಂಖ್ಯೆ: ಹತ್ತು. ಮಳೆಗಾಲವೆಲ್ಲ ಉಗ್ರಾಣದಲ್ಲಿ ಬಿದ್ದಿದ್ದು ಹೋದ ವಾರವಷ್ಟೇ ಸಾಲಿಗೆ ಮರಳಿದ್ದ ಮುಖವಾಡ. ಉಳಿ ಒತ್ತಿದ ಕಡೆ ತಂತಿಯ ಮೇಲೆ ಸೂಜಿಮೊನೆಯಷ್ಟು ಹೊಳಪು ಉಳಿಯುತ್ತದೆ. ಅವಳಿಗೆ ಮಾತ್ರ ಗೊತ್ತಿರುವ ಗುರುತು ಅದು. ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದಳು. ಹರಿದ ಕಡೆ ತುಕ್ಕು ಇತ್ತು. ಹೊಳಪು ಎಲ್ಲೂ ಇರಲಿಲ್ಲ.

ಅವಳು ಅಲ್ಲೇ ನೆಲದ ಮೇಲೆ ಕೂತಳು. ಅವರನ್ನು ಮುಗಿಸುತ್ತಿರುವುದು ನನ್ನ ಚುಕ್ಕೆ. ಉದ್ದಣ್ಣನ ಕಣ್ಣು ತೆಗೆದದ್ದೂ ಅದೇ ಚುಕ್ಕೆ.

ಬಟ್ಟೆ ಬದಲಿಸುವ ಕೋಣೆಯಲ್ಲಿ ಎಡಚ ತನ್ನ ಕಪಾಟು ಖಾಲಿ ಮಾಡುತ್ತಿದ್ದ. ಅವಳು ಬಾಗಿಲು ಹಿಡಿದು ನಿಂತಳು.

“ಆ ಮುಖವಾಡ…”

“ಒಳ್ಳೇದಾಯ್ತು ಬಂದ್ರಿ. ಈ ಕೈಗವಸು ಹೊಲಿಗೆ ಬಿಟ್ಟಿದೆ, ಯಾರಿಗಾದ್ರೂ ಆಗುತ್ತೆ.”

“ಅದು ಹತ್ತನೇದು. ನಾನು ಎಂಟಕ್ಕೇ ಬಿಟ್ಟು…”

“ಮೇಷ್ಟ್ರಿಗೆ ಮಂಡಿ ನೋವು ಜಾಸ್ತಿ ಆಗಿದೆಯಂತೆ. ನೋಡ್ಕೊಳ್ಳಿ ಸ್ವಲ್ಪ.”

ಅವಳು ಬೆಚ್ಚಿದಳು. ಈ ಆಟ ಅವಳಿಗೆ ಚೆನ್ನಾಗಿ ಗೊತ್ತು. ಎದುರಿನಿಂದ ಬಂದ ಮಾತನ್ನು ಪಕ್ಕಕ್ಕೆ ಸರಿಸುವ ಆಟ. ಈ ಸಲ ಆಡುತ್ತಿರುವವನು ಅವನು.

“ನಿಮಗೆ ಗೊತ್ತಿತ್ತು,” ಎಂದಳು. “ಆಸ್ಪತ್ರೆಯಲ್ಲೇ ಗೊತ್ತಿತ್ತು.”

ಎಡಚ ಕೈಯಲ್ಲಿದ್ದ ಬಟ್ಟೆಯನ್ನು ಮಡಚಿದ. ಬಿಚ್ಚಿದ. ಮತ್ತೆ ಮಡಚಿದ.

“ಉಳಿ ಎಲ್ಲಿತ್ತು ಅಂತ ನೋಡಿದ್ದೆ. ನೀವು ಬಂದು ಮುಗಿಸ್ತೀರ ಅಂದ್ಕೊಂಡು ಹೋದೆ. ಹರಿದಾಗ ಪಟ್ಟಿ ತಿರುಗಿಸಿ ನೋಡಿದೆ, ಹತ್ತು ಅಂತಿತ್ತು. ನಾನು ಹೊಡೀಲೇ ಇಲ್ಲ ರಿಪೇರಿ. ಅವನು ನುಗ್ಗಿದ, ನಾನು ತಡೆದೆ, ತಡೆದ ಕತ್ತಿ ಮುರೀತು. ಅವನು ನುಗ್ಗಿದ ರಭಸಕ್ಕೆ ತಾನೇ ಬಂದು ಮುರಿದ ತುದಿ ಮೇಲೆ ಬಿದ್ದ. ಕ್ಷಣದಲ್ಲಿ ಆಗಿಹೋಯ್ತು, ಯಾರಿಗೂ ಸರಿಯಾಗಿ ಕಾಣ್ಲಿಲ್ಲ. ಹಾಗಂತ ಹೇಳಿದ್ರೆ ಅವರು ಮುಂದೆ ಏನು ಕೇಳ್ತಾರೆ ಗೊತ್ತಲ್ಲ? ಮುಖವಾಡ ಯಾಕೆ ತಡೀಲಿಲ್ಲ ಅಂತ. ಕೋಪದಲ್ಲಿ ಹೊಡೆದೆ ಅಂದ್ರೆ ಯಾರೂ ಏನೂ ಕೇಳಲ್ಲ.”

“ಯಾಕೆ…?”

“ನಿಮಗೆ ನಾಲ್ಕು ಜನ ಸುತ್ತ ನಿಂತು ಪ್ರಶ್ನೆ ಕೇಳಿದ್ರೆ ಉಸಿರೇ ನಿಂತುಹೋಗುತ್ತೆ. ನಾನು ತಡ್ಕೋತೀನಿ. ಅಭ್ಯಾಸ ಇದೆ.” ಚೀಲ ಹೆಗಲಿಗೇರಿಸಿದ. “ಹೋಗಿ. ಗುರುವಾರ ಸಹಿ ನಂದೇ ಅನ್ನಿ, ಬಂದ್ಬಿಡಿ. ಸಾಕು.”

ಅವನು ಅವಳ ಪಕ್ಕದಿಂದ ದಾಟಿ ಹೋದ. ಆಗ ಅವಳ ಎದೆಯಲ್ಲಿ ಮೊದಲು ಎದ್ದದ್ದು ದುಃಖವಲ್ಲ, ನಾಚಿಕೆಯೂ ಅಲ್ಲ. ಒಂದು ನಿರಾಳ. ಸದ್ಯ, ತಪ್ಪಿಸಿಕೊಂಡೆ ಎನ್ನುವ ಸಣ್ಣ, ಕೊಳಕು ನಿರಾಳ. ಅದು ತನ್ನೊಳಗಿನದೇ ಎಂದು ಗೊತ್ತಾದ ಮೇಲೆ ಅವಳು ಗೋಡೆಗೆ ಒರಗಿ, ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು.

ಗುರುವಾರ. ಸಂಘದ ಕಚೇರಿಯ ಉದ್ದನೆಯ ಮೇಜು. ನಡುವೆ ಅಧ್ಯಕ್ಷೆ, ನ್ಯಾಯಾಲಯದಲ್ಲಿ ಮೂವತ್ತು ವರ್ಷ ಕೂತು ನಿವೃತ್ತಿಯಾದ ಹೆಂಗಸು. ಒಂದು ಪಕ್ಕ ಕಾರ್ಯದರ್ಶಿ, ಇನ್ನೊಂದು ಪಕ್ಕ ಮೇಷ್ಟ್ರು. ಕಿಟಕಿಯ ಹತ್ತಿರ ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಉದ್ದಣ್ಣ. ಈಚೆ ಗೋಡೆಗೆ ಎಡಚ. ಅವನು ಅವಳ ಕಡೆ ನೋಡಲಿಲ್ಲ.

“ಈ ಸಹಿ ನಿಮ್ಮದಾ ಅಮ್ಮ?”

“ಪುಸ್ತಕ ನಂದೇ ಮೇಡಂ.”

“ಪುಸ್ತಕ ಅಲ್ಲ, ಸಹಿ.”

“ಪ್ರತಿ ಮಂಗಳವಾರ ನಾನೇ ಬರೆಯೋದು ಮೇಡಂ.”

ಅಧ್ಯಕ್ಷೆ ಕನ್ನಡಕ ತೆಗೆದಳು. “ಹತ್ತನೇ ಮುಖವಾಡ ಪರೀಕ್ಷೆ ಮಾಡಿದ್ರಾ?”

“ಚುಕ್ಕೆ… ಚುಕ್ಕೆ ಇದೆಯಲ್ಲ ಮೇಡಂ.”

ಒಂದಾದರೂ ಸುಳ್ಳು ಇತ್ತೇ ಅದರಲ್ಲಿ? ಇಲ್ಲ. ಎಲ್ಲವೂ ನಿಜವೇ. ನಿಜಗಳನ್ನೇ ಒಂದರ ಪಕ್ಕ ಒಂದು ನಿಲ್ಲಿಸಿ ಅವಳು ಬೇಲಿ ಕಟ್ಟುತ್ತಿದ್ದಳು.

“ಮೇಡಂ, ಅವರನ್ನ ಯಾಕೆ ಹಿಂಸೆ ಮಾಡ್ತೀರಿ?” ಎಡಚ ಎದ್ದು ನಿಂತಿದ್ದ. “ಹೊಡೆದದ್ದು ನಾನು. ಬರೆದು ಕೊಟ್ಟಿದ್ದೀನಲ್ಲ. ಅದರ ಮೇಲೆ ಇನ್ನೇನಿದೆ?”

“ನಿನಗೆ ಶಿಕ್ಷೆ ತಗೊಳ್ಳೋಕೆ ಇಷ್ಟೊಂದು ಅವಸರ ಯಾಕಪ್ಪಾ?” ಎಂದಳು ಅಧ್ಯಕ್ಷೆ. ಅವನನ್ನೊಮ್ಮೆ ನೋಡಿ, ಪುಸ್ತಕ ಮುಚ್ಚಿದಳು. “ಸರಿ ಅಮ್ಮ. ನೀವು ಹೊರಡಬಹುದು.”

ಅವಳು ಎದ್ದಳು. ಬಾಗಿಲಿಗೆ ಎಂಟು ಹೆಜ್ಜೆ. ನಡೆದಳು. ಚಿಲಕದ ಮೇಲೆ ಕೈ ಇಟ್ಟಳು. ಬೆನ್ನ ಹಿಂದೆ ಕಾರ್ಯದರ್ಶಿ ಗಂಟಲು ಸರಿಮಾಡಿಕೊಂಡು ಓದತೊಡಗಿದ್ದ. “ಆಜೀವ ಪರ್ಯಂತ ಯಾವುದೇ ಅಂಗಳದಲ್ಲಿ…”

“ನಾನು ಒತ್ತಿಲ್ಲ.”

ಕಾರ್ಯದರ್ಶಿ ನಿಲ್ಲಿಸಿದ. “ಏನಂದ್ರಿ?”

ಅವಳು ತಿರುಗಿದಳು. ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. “ಹತ್ತನೇದನ್ನ ನಾನು ಒತ್ತಿಲ್ಲ. ಏಳಕ್ಕೇ ನಿಲ್ಲಿಸಿದ್ದೆ. ಚುಕ್ಕೆ ಮೊದಲೇ ಇಡ್ತೀನಿ ನಾನು, ಬೇಗ ಒಣಗಲಿ ಅಂತ. ಎದ್ದು ಹೋದೆ, ಬಂದೆ, ಎಲ್ಲದಕ್ಕೂ ಚುಕ್ಕೆ ಇತ್ತು, ಸಹಿ ಹಾಕ್ದೆ. ಜಾಲರಿ ನೋಡಿ, ತುಕ್ಕು ಹಿಡಿದಿದೆ. ಮಗು ತಳ್ಳಿದ್ರೂ ಹರೀತಿತ್ತು. ಇವರು ಹೊಡೆದಿಲ್ಲ. ತಡೆದಿದ್ದು.”

“ಸುಳ್ಳು ಮೇಡಂ, ನನ್ನ ಮೇಲಿನ ಕನಿಕರಕ್ಕೆ…”

“ಕೂತ್ಕೊಳ್ಳಯ್ಯಾ,” ಎಂದರು ಮೇಷ್ಟ್ರು. ಅವರು ಚೀಲದಿಂದ ಮುಖವಾಡ ತೆಗೆದು, ಹರಿದ ಅಂಚಿನ ಮೇಲೆ ಹೆಬ್ಬೆರಳು ಎಳೆದರು. ಬೆರಳಿಗೆ ಕೆಂಪು ಪುಡಿ ಮೆತ್ತಿತು. ಅದನ್ನೇ ನೋಡುತ್ತಾ ಕೂತುಬಿಟ್ಟರು.

“ಅರ್ಧಕ್ಕೇ ಎದ್ದು ಹೋದದ್ದು ಯಾಕೆ?” ಅಧ್ಯಕ್ಷೆಯ ದನಿ ಈಗ ಮೆತ್ತಗಾಗಿತ್ತು. ಆದರೆ ಪ್ರಶ್ನೆ ಮೆತ್ತಗಿರಲಿಲ್ಲ.

“ಇವರು ಒಂದು ಮಾತು ಕೇಳಿದ್ರು. ಉತ್ತರ ಕೊಡೋಕೆ ಹೆದರಿ ಹೋದೆ.”

ಕಿಟಕಿಯ ಹತ್ತಿರ ಕುರ್ಚಿ ಸರಿದ ಸದ್ದಾಯಿತು. ಉದ್ದಣ್ಣ ಒಂದು ಕಣ್ಣಿನಲ್ಲಿ ಅವಳನ್ನು ಹುಡುಕಿ ಹಿಡಿದ.

“ಒಂಬತ್ತು ದಿನ ಇವನನ್ನ ಶಪಿಸ್ತಾ ಮಲಗಿದ್ದೆ,” ಎಂದ. “ನಿಮ್ಮನ್ನ ಕ್ಷಮಿಸಿದ್ದೀನಿ ಅಂತ ಹೇಳೋಕೆ ಆಗಲ್ಲ ನಂಗೆ. ಇವತ್ತು ಆಗಲ್ಲ. ಆದ್ರೆ ಹೇಳಿದ್ರಲ್ಲ… ನಾನು ದ್ವೇಷ ಮಾಡ್ಬೇಕಾದ್ದು ಸ್ನೇಹಿತನನ್ನಲ್ಲ ಅಂತ ಗೊತ್ತಾಯ್ತು.”

ಅಧ್ಯಕ್ಷೆ ಕಾಗದಗಳನ್ನು ಜೋಡಿಸಿದಳು. “ಇವನ ಮೇಲಿನ ಆರೋಪ ಉಳಿಯಲ್ಲ ಅಮ್ಮ. ನಿಮ್ಮ ಮೇಲೆ ಹೊಸದು ಬರುತ್ತೆ. ಅದು ಉಳಿಯುತ್ತೆ. ಹೊರಗೆ ಕೂತಿರಿ, ಕರೀತೀವಿ.”

ಹೊರಗಿನ ಮೊಗಸಾಲೆಯಲ್ಲಿ ಕಟ್ಟಿಗೆಯ ಬೆಂಚು. ಅವಳು ಕೂತಳು. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆದು ಎಡಚ ಬಂದ. ಬಂದವನೇ ಸಿಡಿದ.

“ತಲೆ ಕೆಟ್ಟಿದ್ಯಾ ನಿಮಗೆ? ಮುಗಿದೇ ಹೋಗಿತ್ತಲ್ಲ. ಬಾಗಿಲ ಹತ್ರ ಇದ್ರಿ.”

“ಹೂಂ.”

“ಕೆಲಸ ಹೋಗುತ್ತೆ. ಅಷ್ಟಕ್ಕೇ ಬಿಟ್ರೆ ಪುಣ್ಯ. ಉದ್ದಣ್ಣನ ಮನೆಯವರು ಸುಮ್ನಿರಲ್ಲ, ಪೊಲೀಸು, ಕೋರ್ಟು ಅಂತ ಅಲೀಬೇಕು. ಅಲ್ಲೆಲ್ಲ ಇದೇ ಪ್ರಶ್ನೆ, ಇನ್ನೂ ಹತ್ತು ಜನ ಕೇಳ್ತಾರೆ. ಏನು ಮಾಡ್ತೀರಿ?”

“ಹೇಳ್ತೀನಿ.”

ಅವನ ಕೋಪ ಅಲ್ಲಿಗೆ ಬಸವಳಿಯಿತು. ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ. ಮಧ್ಯೆ ಇಬ್ಬರು ಕೂರುವಷ್ಟು ಜಾಗ. ಗೋಡೆಯಾಚೆ ಕಾರ್ಯದರ್ಶಿಯ ದನಿ ಗೊಣಗುಟ್ಟುತ್ತಿತ್ತು.

“ಉದ್ದಣ್ಣನ ಕಣ್ಣು…” ಎಂದಳು ಅವಳು.

“ಗೊತ್ತು.”

“ಇದನ್ನ ಹೊತ್ಕೊಂಡೇ ಇರ್ಬೇಕು ಇನ್ಮೇಲೆ.”

“ಹೂಂ. ಇಬ್ಬರೂ ಹೊರೋಣ. ಆ ಹೊತ್ತಲ್ಲಿ ಬಂದು ನಿಮ್ಮನ್ನ ಎಬ್ಬಿಸಿದ್ದು ನಾನೇ ಅಲ್ವಾ?” ಅವನು ನೆಲ ನೋಡುತ್ತಾ ಹೇಳಿದ. “ನೋಡಿ… ಅವತ್ತು ಕೇಳಿದ್ದನ್ನ ಮರೆತುಬಿಡಿ. ನಾನೀಗ ಉತ್ತರ ಕಾಯ್ತಾ ಇಲ್ಲ. ಇವತ್ತು ನೀವು ಆಡಿದ ಮಾತೇ ಒಂದು ವರ್ಷಕ್ಕೆ ಸಾಕು. ಸುಮ್ನೆ ಕೂತ್ಕೊಳ್ಳಿ.”

ಎಷ್ಟು ಸುಲಭದ ದಾರಿ. ಅವನೇ ತೆರೆದುಕೊಟ್ಟದ್ದು. ತಲೆಯಾಡಿಸಿ ಸುಮ್ಮನಾದರೆ ಮುಗಿಯಿತು. ಅವನು ತಪ್ಪು ತಿಳಿಯುವುದೂ ಇಲ್ಲ.

ಒಳಗೆ ಕುರ್ಚಿಗಳು ಸರಿದವು. ಇನ್ನೇನು ಕರೆಯುತ್ತಾರೆ.

ಅವಳು ಬೆಂಚಿನ ಮೇಲೆ ಅವನ ಕಡೆಗೆ ಸರಿದಳು. ತಲೆ ಎತ್ತಿ, ಎರಡು ವರ್ಷದಲ್ಲಿ ಮೊದಲ ಬಾರಿಗೆ, ಅವನ ಕಣ್ಣನ್ನು ನೆಟ್ಟಗೆ ನೋಡಿದಳು.

“ಮರೆಯಲ್ಲ,” ಎಂದಳು. “ಆ ಬಾಗಿಲೊಳಗೆ ಹೋದ್ಮೇಲೆ ನನ್ನ ಗತಿ ಏನೋ ಗೊತ್ತಿಲ್ಲ. ಭಯ ಆಗ್ತಿದೆ. ಆದ್ರೂ ಕೇಳು… ನೀನು ನಂಗೆ ಬೇಕು.”